ಏಳು ಸ್ವರಕ್ಕೆ ಹದಿಮೂರರ ಲೆಕ್ಕ

"ಅಲ್ಲಾ ಕಣಯ್ಯಾ, ಸ್ವರ ಇರೋದೇ ಏಳು. ಯಾರಿಗೋ ಫೋನಿನಲ್ಲಿ ಥರ್ಟೀನ್ತ್ ಹಾಕು, ಥರ್ಟೀನ್ತ್ ಹಾಕು ಅಂತ ಕೂಗ್ತಿದ್ದೆಯಲ್ಲ, ಆ ಹದಿಮೂರನೇದನ್ನ ಎಲ್ಲಿಂದ ತಂದೆ?"

ಪಕ್ಕದ ಮನೆಯ ವೀಣೆ ಮೇಷ್ಟ್ರು ಕಾಂಪೌಂಡಿನ ಮೇಲೆ ಎರಡೂ ಮೊಣಕೈ ಊರಿದರೆಂದರೆ ಕಾಫಿ ಆಗಿದೆ, ಪೇಪರ್ ಮುಗಿದಿದೆ, ಸ್ನಾನದ ನೀರು ಇನ್ನೂ ಕಾದಿಲ್ಲ ಎಂದು ಅರ್ಥ. ಆ ಹೊತ್ತಿನಲ್ಲಿ ಅವರಿಗೆ ಜಗಳಕ್ಕೆ ಒಂದು ವಿಷಯ ಬೇಕು. ನನ್ನ ಪಿಯಾನೋ ಇರುವ ಕೋಣೆಯ ಕಿಟಕಿ ಅವರ ಪಾರಿಜಾತದ ಗಿಡದ ಕಡೆಗೇ ತೆರೆಯುವುದರಿಂದ ವಿಷಯಕ್ಕೆ ಎಂದೂ ಬರವಿಲ್ಲ.

"ಲೆಕ್ಕ ಸುಲಭ ಮೇಷ್ಟ್ರೇ. ಷಡ್ಜ ಒಂದು ಅಂತಿಟ್ಟುಕೊಳ್ಳಿ. ತಾರ ಷಡ್ಜ ಎಂಟು. ಅದರ ಮುಂದಿನ ರಿಷಭ ಒಂಬತ್ತು, ಮಧ್ಯಮ ಹನ್ನೊಂದು, ಧೈವತ ಹದಿಮೂರು. ಏಳು ಕಳೆದರೆ ಮಾಮೂಲಿ ಹೆಸರು ಸಿಗುತ್ತೆ."

"ಮತ್ತೆ ರಿಷಭ ಅಂತಲೇ ಅನ್ನಬಹುದಲ್ಲ?"

ಅನ್ನಬಹುದು. ಆದರೆ ಕಾರ್ಡ್ ಕಟ್ಟುವವರು ಸ್ವರಗಳನ್ನು ಒಂದರ ಪಕ್ಕ ಒಂದು ಜೋಡಿಸುವುದಿಲ್ಲ, ಒಂದು ಬಿಟ್ಟು ಒಂದು ಪೇರಿಸುತ್ತಾರೆ. ಸಿ, ಇ, ಜಿ ಇಟ್ಟರೆ ಮೂರು ಸ್ವರದ ಸಾಮಾನ್ಯ ಕಾರ್ಡ್. ಅದರ ಮೇಲೆ ಬಿ ಇಟ್ಟರೆ ಸೆವೆಂತ್. ಇನ್ನೂ ಮೇಲೆ ಹೋದರೆ ಡಿ ಬರುತ್ತದೆ, ಅದು ನೈನ್ತ್. ಆಮೇಲೆ ಎಫ್, ಇಲೆವೆಂತ್. ಆಮೇಲೆ ಎ, ಥರ್ಟೀನ್ತ್. ಮತ್ತೊಂದು ಹೆಜ್ಜೆ ಇಟ್ಟರೆ ಹದಿನೈದು, ಅಂದರೆ ಎರಡು ಸ್ಥಾಯಿ ಮೇಲಿನ ಸಿ. ಹೊರಟ ಮನೆಗೇ ಬಂದ ಹಾಗಾಯಿತು. ಅದಕ್ಕೇ ಲೆಕ್ಕ ಹದಿಮೂರಕ್ಕೆ ನಿಲ್ಲುತ್ತದೆ.

ಮೇಷ್ಟ್ರು ಬೆರಳು ಮಡಿಸುತ್ತ ಮನಸ್ಸಿನಲ್ಲೇ ಹಾಡಿಕೊಂಡರು. ಸ ಗ ಪ ನಿ ರಿ ಮ ದ. "ಇದು ದಾಟು ವರಸೆ ಆಯ್ತಲ್ಲಯ್ಯ!" ಎಂದರು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ತಾಳು ತಾಳು. ಏಳೂ ಸ್ವರ ಒಳಗೆ ಬಂದುಬಿಟ್ಟವು. ಅಂದ್ರೆ ನೀನು ಒಂದಿಡೀ ಮೇಳಕರ್ತವನ್ನ ಒಂದೇ ಏಟಿಗೆ ಒತ್ತಿಬಿಡ್ತೀಯಾ? ರಾಗಕ್ಕೆ ಉಸಿರಾಡೋಕೆ ಜಾಗ ಎಲ್ಲಿ ಬಿಟ್ಟೆ?"

ಇಂಥ ಪ್ರಶ್ನೆ ಕೇಳುವವರು ಪಕ್ಕದ ಮನೆಯಲ್ಲಿರುವುದು ಪುಣ್ಯ ಎಂದೇ ನಾನು ಹೇಳುತ್ತೇನೆ. ಪಿಯಾನೋ ಕಲಿಯುವ ಹುಡುಗರು ಇದನ್ನು ಕೇಳುವುದೇ ಇಲ್ಲ. ಪುಸ್ತಕದಲ್ಲಿ ಏಳು ಸ್ವರ ಬರೆದಿದೆ, ಎರಡು ಕೈಯಲ್ಲಿ ಹತ್ತು ಬೆರಳಿವೆ, ಮತ್ತೇನು ಎಂದು ಏಳನ್ನೂ ಅದುಮುತ್ತಾರೆ. ಹೊರಡುವ ಸದ್ದು ಕಾರ್ಡೂ ಅಲ್ಲ, ರಾಗವೂ ಅಲ್ಲ, ಬರೀ ಗದ್ದಲ. ಥರ್ಟೀನ್ತ್ ಎಂಬ ಹೆಸರು ಕೂಡಿಸಿ ಕೂಡಿಸಿ ಹುಟ್ಟಿದ್ದು ನಿಜ. ಕೈ ಮಾತ್ರ ಅದನ್ನು ಕಳೆದು ಕಳೆದು ಕಟ್ಟಬೇಕು. ಒಳ್ಳೆಯ ಪಿಯಾನೋ ವಾದಕನ ಎಡಗೈಯಲ್ಲಿ ಏಳು ಸ್ವರದ ಈ ಕಾರ್ಡು ಸಾಮಾನ್ಯವಾಗಿ ನಾಲ್ಕೇ ಸ್ವರದಲ್ಲಿ ಮುಗಿದಿರುತ್ತದೆ.

"ಮೊದಲು ಯಾವುದು ಬಿಡ್ತೀರಿ?"

"ಐದನೇದು. ಪಂಚಮ."

ಹೇಳಬಾರದಿತ್ತೇನೋ. ಮೇಷ್ಟ್ರ ಮೊಣಕೈ ಗೋಡೆಯಿಂದ ಮೇಲೆದ್ದಿತು. "ಪಂಚಮ ಬಿಡ್ತೀರಾ? ಷಡ್ಜ ಪಂಚಮ ಅಚಲ ಸ್ವರ ಕಣಯ್ಯಾ! ಅದನ್ನೇ ತೆಗೆದ ಮೇಲೆ ನಿಲ್ಲೋದು ಯಾವುದರ ಮೇಲೆ?"

"ಷಡ್ಜಾನೂ ಬಿಡ್ತೀವಿ ಮೇಷ್ಟ್ರೇ" ಎಂದು ನಾನು ಉರಿಯುವ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದೆ.

ಇದು ನನ್ನ ಕುಚೋದ್ಯವಲ್ಲ. ಅಮೆರಿಕದ ಜಾಝ್ ಪಿಯಾನೋದಲ್ಲಿ 1950ರ ದಶಕದಿಂದ ನೆಲೆಯೂರಿದ ಪದ್ಧತಿ. ವಾದ್ಯವೃಂದದಲ್ಲಿ ದೊಡ್ಡ ಡಬಲ್ ಬೇಸ್ ಹಿಡಿದವನೊಬ್ಬ ಇದ್ದೇ ಇರುತ್ತಾನೆ. ಕಾರ್ಡಿನ ಷಡ್ಜವನ್ನು, ಅಂದರೆ ರೂಟನ್ನು, ಅವನು ಹೇಗೂ ನುಡಿಸುತ್ತಾನೆ. ಪಿಯಾನೋದವನು ಅದನ್ನೇ ಮತ್ತೆ ಗುದ್ದಿದರೆ ಒಂದು ಬೆರಳು ದಂಡ. ಪಂಚಮವೋ, ರೂಟಿನ ಜೊತೆಗೆ ತಾನೇ ಅನುರಣಿಸುವ ಸ್ವರ. ಉಳಿದಿದ್ದರಲ್ಲಿ ಮೂರನೆಯದು, ಏಳನೆಯದು ಇವೆರಡನ್ನು ಮುಟ್ಟುವಂತಿಲ್ಲ. ಕಾರ್ಡು ಮೇಜರೋ ಮೈನರೋ ಎಂದು ಹೇಳುವುದು ಮೂರನೆಯದು. ಅದು ನೆಮ್ಮದಿಯಾಗಿ ಕೂತಿದೆಯೋ, ಮುಂದಿನ ಕಾರ್ಡಿನ ಕಡೆಗೆ ಎಳೆಯುತ್ತಿದೆಯೋ ಎಂದು ಹೇಳುವುದು ಏಳನೆಯದು. ಬಡ್ ಪೊವೆಲ್ ಎಡಗೈಯಲ್ಲಿ ಒಮ್ಮೊಮ್ಮೆ ಎರಡೇ ಸ್ವರ ಇಟ್ಟು ಇಡೀ ಹಾಡನ್ನು ಹೊತ್ತುಕೊಂಡು ಹೋಗುತ್ತಿದ್ದ. ಬಣ್ಣಕ್ಕೆ ಒಂಬತ್ತೋ ಹದಿಮೂರೋ ಸೇರಿಸಿ ನಾಲ್ಕು ಸ್ವರದ ಹಿಡಿತ ಮಾಡಿಕೊಂಡವರಲ್ಲಿ ಬಿಲ್ ಇವಾನ್ಸ್, ವಿಂಟನ್ ಕೆಲಿ ಮುಂಚೂಣಿಯವರು.

ಬಾಯಲ್ಲಿ ಹೇಳಿದರೆ ಮೇಷ್ಟ್ರು ಒಪ್ಪುವವರಲ್ಲ. "ಕಿಟಕಿ ಹತ್ತಿರ ಬನ್ನಿ" ಎಂದು ಕರೆದು ಎಡಗೈಯನ್ನು ಪಿಯಾನೋದ ಮನೆಗಳ ಮೇಲಿಟ್ಟೆ. ಕಿರುಬೆರಳು ಎಫ್, ನಡುಬೆರಳು ಎ, ತೋರುಬೆರಳು ಸಿ, ಹೆಬ್ಬೆರಳು ಇ. ಬಲಗೈಯಿಂದ ಕೆಳಗಡೆ ಒಂದು ಡಿ ಒತ್ತಿದೆ. "ಈಗ ಇದು ಡಿ ಮೈನರ್ ನೈನ್ತ್. ಎಡಗೈಯಲ್ಲಿ ಡಿ ಇಲ್ಲ, ನೋಡಿ." ತೋರುಬೆರಳನ್ನು ಮಾತ್ರ ಸಿಯಿಂದ ಪಕ್ಕದ ಬಿಗೆ ಸರಿಸಿದೆ. ಉಳಿದ ಮೂರು ಬೆರಳು ಇದ್ದಲ್ಲೇ ಇದ್ದವು. ಬಲಗೈ ಡಿ ಬಿಟ್ಟು ಜಿ ಒತ್ತಿತು. "ಈಗ ಇದು ಜಿ ಥರ್ಟೀನ್ತ್."

"ಒಂದೇ ಬೆರಳು ಆಡಿಸಿದೆಯಲ್ಲಯ್ಯ!"

"ಅಷ್ಟೇ. ಆಗ ಮೂರನೇದಾಗಿದ್ದ ಎಫ್ ಈಗ ಏಳನೇದು. ಒಂಬತ್ತಾಗಿದ್ದ ಇ ಈಗ ಹದಿಮೂರು. ಸ್ವರ ಅದೇ, ಕೆಳಗಿನ ಷಡ್ಜ ಬದಲಾಯಿತು, ಎಲ್ಲರ ಕೆಲಸವೂ ಬದಲಾಯಿತು." ಆಮೇಲೆ ಬಿಯನ್ನು ಉಳಿಸಿಕೊಂಡು ಮಿಕ್ಕ ಮೂರೂ ಬೆರಳನ್ನು ಒಂದೊಂದು ಬಿಳಿ ಮನೆ ಕೆಳಗಿಳಿಸಿದೆ. ಇ, ಜಿ, ಬಿ, ಡಿ. ಬಲಗೈಯಲ್ಲಿ ಸಿ. ಮನೆ ಸೇರಿದ ಸಿ ಮೇಜರ್ ನೈನ್ತ್.

"ಗ್ರಹಭೇದ" ಎಂದು ಮೇಷ್ಟ್ರು ಗೊಣಗಿದರು. ಅವರು ಗೊಣಗಿದರೆ ಅರ್ಧ ಒಪ್ಪಿದ ಹಾಗೆ.

ಅರ್ಧ ಮಾತ್ರ. "ವೀಣೆ ಶೇಷಣ್ಣನವರೂ ಪಿಯಾನೋ ನುಡಿಸ್ತಿದ್ದರು ಕಣಯ್ಯಾ, ಇಲ್ಲಿ ಯಾರಿಗೂ ಅದು ಹೊಸದೇನಲ್ಲ" ಎಂದು ಶುರು ಮಾಡಿ ಸೀದಾ ಅರಮನೆಗೆ ಹೋದರು. ಮೈಸೂರಿನಲ್ಲಿ ಸಂಗೀತದ ಜಗಳ ಎಲ್ಲಿಂದ ಹೊರಟರೂ ಅರಮನೆಯ ಮುಂದೆ ಒಮ್ಮೆ ಹಾದು ಬರಲೇಬೇಕು. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತ ಪಿಯಾನೋ ವಾದಕರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಲಂಡನ್ನಿನಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ಮುಪ್ಪಾಗುತ್ತಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರೇ. ಅವನು ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಮೆಟ್ನರ್‌ನ ಮುದ್ರಿಕೆಗಳು ಇಂದು ಕೇಳಲು ಸಿಗುತ್ತಿರುವುದರಲ್ಲಿ ನಮ್ಮೂರಿನ ಪಾಲಿದೆ ಎಂಬುದು ನಮ್ಮೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ, ಬಿಡಿ.

"ಅಂಥ ಮಹಾರಾಜರು 94 ಕೃತಿ ಬರೆದರಲ್ಲ, ಅದಕ್ಕೆ ನಿನ್ನ ಥರ್ಟೀನ್ತ್ ಹಾಕಿಸಿದರಾ?" ಇದು ಮೇಷ್ಟ್ರ ಪಟ್ಟು.

ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಪಟ್ಟಿಗೆ ಪಟ್ಟು ಹಾಕಲು ಬೇರೆಯದೇ ದಾರಿ ಇತ್ತು. "ಮೇಷ್ಟ್ರೇ, ಕಲ್ಯಾಣಿ ಆಲಾಪನೆ ಮೇಲಕ್ಕೆ ಹೋಗುವಾಗ ಒಂದು ಪ್ರಯೋಗ ಹಾಡಿ" ಎಂದೆ.

ಅವರು ಯೋಚಿಸಲೂ ಇಲ್ಲ. ನಿ ರಿ ಗ ಮ ದ ನಿ. ಹಾಡಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ನನ್ನ ಮುಖ ನೋಡಿದರು.

"ಷಡ್ಜ ಎಲ್ಲಿ ಮೇಷ್ಟ್ರೇ? ಪಂಚಮ ಎಲ್ಲಿ?"

"ಅದು... ತಂಬೂರಿ ಹಿಡಿದಿರುತ್ತಲ್ಲಯ್ಯ."

"ನಮ್ಮಲ್ಲಿ ಬೇಸ್‌ನವನು ಹಿಡಿದಿರ್ತಾನೆ."

ಅಚಲವಾಗಿ ಇನ್ನೊಬ್ಬರು ಹಿಡಿದುಕೊಂಡಿದ್ದಾರೆ ಎಂಬ ಧೈರ್ಯದಿಂದಲೇ ನಾವು ಅವೆರಡನ್ನು ಬಿಟ್ಟು ಹಾಡುವುದು. ಕಲ್ಯಾಣಿಯ ಆ ಹಾರಾಟಕ್ಕೆ ತಂಬೂರಿಯೇ ಬೆನ್ನು. ನಿ ರಿ ಗ ಮ ದ ಇವನ್ನೇ ಒಟ್ಟಿಗೆ ಒತ್ತಿ, ಕೆಳಗೆ ಯಾರಾದರೂ ಷಡ್ಜ ನುಡಿಸುತ್ತಿದ್ದರೆ, ಪಿಯಾನೋದವರು ಅದಕ್ಕೆ ಮೇಜರ್ ಥರ್ಟೀನ್ತ್ ಶಾರ್ಪ್ ಇಲೆವೆಂತ್ ಎಂದು ರೈಲಿನಷ್ಟುದ್ದದ ಹೆಸರಿಡುತ್ತಾರೆ.

ಶಾರ್ಪ್ ಯಾಕೆ ಎಂಬಲ್ಲಿ ಮತ್ತೊಂದು ಸುತ್ತು ಮಾತಾಯಿತು. ನಿಜ ಹೇಳಬೇಕೆಂದರೆ ವಿಸ್ತರಿಸಿದ ಕಾರ್ಡುಗಳ ಶಾಸ್ತ್ರದಲ್ಲಿ ತಂಟೆಕೋರ ಸ್ವರ ಅಂತ ಇರುವುದು ಹನ್ನೊಂದನೆಯದೊಂದೇ. ಸಿ ಇ ಜಿ ಬಿ ಡಿ ವರೆಗೆ ಎಲ್ಲ ಸುಸೂತ್ರ. ಮುಂದೆ ಎಫ್ ಇಟ್ಟ ಕೂಡಲೇ ಕೆಳಗಿರುವ ಇ ಜೊತೆ ಅದಕ್ಕೆ ಕಚ್ಚಾಟ. ನಮ್ಮ ಭಾಷೆಯಲ್ಲಿ ಶುದ್ಧ ಮಧ್ಯಮಕ್ಕೂ ಅಂತರ ಗಾಂಧಾರಕ್ಕೂ ಜಗಳ. ಶಂಕರಾಭರಣದಲ್ಲಿ, ಹರಿಕಾಂಭೋಜಿಯಲ್ಲಿ ಅವೆರಡೂ ಒಂದಾದ ಮೇಲೊಂದು ಬಂದು ಎಷ್ಟು ಅನ್ಯೋನ್ಯವಾಗಿರುತ್ತವೆ! ಒಟ್ಟಿಗೆ ಕೂರಿಸಿದರೆ ಮಾತ್ರ ಆಗದು. ಅದಕ್ಕೇ ಪಿಯಾನೋದವರು ಎಫ್ ಅನ್ನು ಅರ್ಧ ಸ್ವರ ಏರಿಸಿ ಎಫ್ ಶಾರ್ಪ್ ಮಾಡಿಬಿಡುತ್ತಾರೆ. ಹೀಗೆ ಮಾಡಿದರೆ ಶಂಕರಾಭರಣದ ಕಾರ್ಡು ಕಲ್ಯಾಣಿಯದಾಗುತ್ತದೆ. ಹರಿಕಾಂಭೋಜಿಯದು, ಅಂದರೆ ಬಿ ಫ್ಲಾಟ್ ಇರುವ ಕಾರ್ಡು, 64ನೆಯ ಮೇಳ ವಾಚಸ್ಪತಿಯದಾಗುತ್ತದೆ. ಎಫ್ ಬೇಕೇ ಬೇಕು ಎನ್ನುವ ಹಟಮಾರಿಗಳು ಇ ಅನ್ನು ಬಿಟ್ಟು ಅದಕ್ಕೆ ಸಸ್ ಕಾರ್ಡ್ ಎನ್ನುತ್ತಾರೆ. ಮೈನರ್ ಕಾರ್ಡಿನಲ್ಲಿ ಈ ತಾಪತ್ರಯವೇ ಇಲ್ಲ. ಸಾಧಾರಣ ಗಾಂಧಾರಕ್ಕೂ ಮಧ್ಯಮಕ್ಕೂ ನಡುವೆ ಪೂರ್ತಿ ಒಂದು ಸ್ವರದ ಅಂತರ ಇರುವುದರಿಂದ ಹನ್ನೊಂದನೆಯದು ಅಲ್ಲಿ ಹಾಯಾಗಿ ಕೂರುತ್ತದೆ.

ಹಾಯಾಗಿ ಕೂತದ್ದಕ್ಕೆ ಲೋಕಪ್ರಸಿದ್ಧ ಸಾಕ್ಷಿ ಇದೆ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಮೈಲ್ಸ್ ಡೇವಿಸ್ ತಂಡ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿಗಾಗಿ 'ಸೋ ವಾಟ್' ನುಡಿಸಿತು. ಬೇಸ್‌ನವನು ಕೆಳಗಿನಿಂದ ಒಂದು ಮಾತು ಕೇಳುತ್ತಾನೆ, ಪಿಯಾನೋದಲ್ಲಿರುವ ಬಿಲ್ ಇವಾನ್ಸ್ ಎರಡೇ ಕಾರ್ಡಿನಲ್ಲಿ ಉತ್ತರ ಕೊಡುತ್ತಾನೆ. ಮೊದಲನೆಯದು ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ, ಬಿ. ಎರಡನೆಯದು ಅದೇ ಆಕಾರ, ಒಂದು ಸ್ವರ ಕೆಳಗೆ. ಒಂದು ಬಿಟ್ಟು ಒಂದು ಪೇರಿಸುವ ಕ್ರಮವನ್ನೇ ಅವನು ಇಲ್ಲಿ ಬದಿಗಿಟ್ಟ. ನಾಲ್ಕು ನಾಲ್ಕು ಸ್ವರದ ಜಿಗಿತ, ತುದಿಯಲ್ಲಿ ಮಾತ್ರ ಒಂದು ಗಾಂಧಾರದ ಅಂತರ. ಹನ್ನೊಂದನೆಯ ಸ್ವರ ಒಳಗಿದೆ, ಆದರೂ ಒಂದಿಷ್ಟೂ ಇಕ್ಕಟ್ಟಿಲ್ಲ. ಇವತ್ತಿಗೂ ಆ ಹಿಡಿತಕ್ಕೆ ಸೋ ವಾಟ್ ಕಾರ್ಡ್ ಎಂದೇ ಹೆಸರು. ಸ್ವರಸ್ಥಾನ ಹಿಡಿದು ನೋಡಿದರೆ ಡಿ ಷಡ್ಜವಾದ ಖರಹರಪ್ರಿಯ. 16 ಬಾರ್ ಆದ ಮೇಲೆ ಇಡೀ ತಂಡ ಅರ್ಧ ಸ್ವರ ಮೇಲೇರಿ ಎಂಟು ಬಾರ್ ನುಡಿಸಿ ಮತ್ತೆ ಇಳಿಯುತ್ತದೆ.

"ಶ್ರುತಿಯನ್ನೇ ಎತ್ತಿ ಬಿಟ್ಟರೇ? ಕಛೇರಿ ಮಧ್ಯೆ?" ಮೇಷ್ಟ್ರಿಗೆ ಪಂಚಮ ಬಿಟ್ಟದ್ದಕ್ಕಿಂತ ಇದು ದೊಡ್ಡ ಅಪಚಾರವಾಗಿ ಕಂಡಿತು.

ಆ ಜಗಳ ಅಲ್ಲಿಗಿರಲಿ. ಇಷ್ಟು ಸ್ವರಗಳಲ್ಲಿ ಯಾವುದನ್ನು ಎಲ್ಲಿಡಬೇಕು ಎಂಬುದಕ್ಕೆ ಬಾಳೆಲೆ ನೋಡಿದರೆ ಸಾಕು. ಉಪ್ಪಿಗೊಂದು ಮೂಲೆ, ಕೋಸಂಬರಿಗೊಂದು ಜಾಗ, ಅನ್ನಕ್ಕೆ ನಡುವೆ ಬಯಲು. ಎಲ್ಲವನ್ನೂ ನಡುವೆ ಸುರಿದರೆ ಅಡುಗೆ ಅದೇ ಆದರೂ ಊಟ ಕೆಟ್ಟಿತು. ಪಿಯಾನೋದ ಎಡತುದಿಯಲ್ಲಿ ಸ್ವರಗಳನ್ನು ಒತ್ತೊತ್ತಾಗಿ ಇಟ್ಟರೆ ಕೆಸರು ಕಲಕಿದ ಸದ್ದು. ಕೆಳಸ್ಥಾಯಿಯ ಪ್ರತಿ ಸ್ವರದೊಡನೆ ಬರುವ ಅನುಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಗುಂಯ್‌ಗುಡುತ್ತವೆ. ಆದ್ದರಿಂದ ಕೆಳಗೆ ದೂರದೂರ, ಮೇಲೆ ಹೋದಂತೆ ಹತ್ತಿರಹತ್ತಿರ. ಹದಿಮೂರನೆಯದು ಮೇಲೇ ಇರಬೇಕೆಂದು ಹೆಸರು ಹೇಳುತ್ತದೆ, ಕೈ ಕೇಳಬೇಕಾಗಿಲ್ಲ. ಏಳನೆಯ ಸ್ವರದ ಕೆಳಗೆ ನುಸುಳಿಕೊಂಡು ಕೂತರೂ ಅದು ಹದಿಮೂರನೆಯದೇ. ಏಳನೆಯದು ಕಾರ್ಡಿನಲ್ಲಿ ಇಲ್ಲದಿದ್ದರೆ ಮಾತ್ರ ಅದಕ್ಕೆ ಬಡ್ತಿ ತಪ್ಪಿ ಬರೀ ಸಿಕ್ಸ್ತ್ ಆಗುತ್ತದೆ.

ಜಾಗದ ಮಾತು ಬಂದಾಗಲೆಲ್ಲ ನನಗೆ ವಿಯೆನ್ನಾದ ಒಂದು ಪ್ರಸಂಗ ನೆನಪಾಗುತ್ತದೆ. ಮೇಷ್ಟ್ರಿಗೂ ಹೇಳಿದೆ. 1899ರಲ್ಲಿ ಆರ್ನಾಲ್ಡ್ ಷೋನ್‌ಬರ್ಗ್ ಆರು ತಂತಿವಾದ್ಯಗಳಿಗೆಂದು 'ಫೆರ್ಕ್ಲೇರ್ಟೆ ನಾಖ್ಟ್' ಬರೆದ. ಅದರಲ್ಲೊಂದು ಕಡೆ ನೈನ್ತ್ ಕಾರ್ಡನ್ನು ತಲೆಕೆಳಗು ಮಾಡಿ ಒಂಬತ್ತನೆಯ ಸ್ವರವನ್ನೇ ತಳಕ್ಕಿಟ್ಟಿದ್ದ. ಅಲ್ಲಿನ ಸಂಗೀತ ಸಭೆಯವರು ಕೃತಿಯನ್ನು ತಿರಸ್ಕರಿಸಿದರು. ಸೆವೆಂತ್ ಕಾರ್ಡನ್ನು ಹೇಗೆ ಬೇಕಾದರೂ ಮಗುಚಬಹುದು, ಆದರೆ ನೈನ್ತಿಗೆ ಅಂಥದೊಂದು ಮಗುಚು ಶಾಸ್ತ್ರಪುಸ್ತಕದಲ್ಲೇ ಇರಲಿಲ್ಲ. ಇಲ್ಲದ ಕಾರ್ಡನ್ನು ನುಡಿಸುವುದಾದರೂ ಹೇಗೆ ಎಂದು ಷೋನ್‌ಬರ್ಗ್ ಆಮೇಲೆ ನಗೆಯಾಡಿದ. 1902ರಲ್ಲಿ ಅದೇ ವಿಯೆನ್ನಾದಲ್ಲಿ ಕೃತಿಯನ್ನು ನುಡಿಸಿದ್ದೂ ಆಯಿತು.

"ನಮ್ಮಲ್ಲೂ ಇದ್ದಾರಯ್ಯ ಅಂಥೋರು" ಎಂದು ಮೇಷ್ಟ್ರು ಒಂದಿಬ್ಬರ ಹೆಸರು ಹೇಳಿದರು. ಅದು ಗೋಡೆಯಾಚೆಯ ಮಾತು, ಇಲ್ಲಿ ಬೇಡ.

ಅಷ್ಟರಲ್ಲಿ ಅವರಿಗೆ ಹೊಸ ಅಸ್ತ್ರ ಸಿಕ್ಕಿತ್ತು. "ಚೆನ್ನಾಗಿ ಶ್ರುತಿ ಸೇರಿದ ತಂಬೂರೀಲಿ ಯಾರೂ ಮೀಟದ ಅಂತರ ಗಾಂಧಾರ ತಾನೇ ಕೇಳುತ್ತೆ ಕಣಯ್ಯಾ. ನೀನು ಕಷ್ಟಪಟ್ಟು ಒತ್ತೋದು ನಮಗೆ ಪುಕ್ಕಟೆ ಬರುತ್ತೆ."

ಮಾತು ಸರಿಯೇ. ಮಂದ್ರ ಷಡ್ಜದ ತಂತಿಯ ಐದನೆಯ ಅನುಸ್ವರ ಅದು. ಕುದುರೆಯ ಮೇಲೆ ತಂತಿಯಡಿ ಸಿಗಿಸಿದ ನೂಲು ಸರಿಯಾಗಿ ಕೂತರೆ ಅದು ಎದ್ದು ಕೇಳುತ್ತದೆ. ಅನುಸ್ವರಗಳ ಸಾಲಿನಲ್ಲಿ ಇನ್ನೂ ಮೇಲೇರಿದರೆ ಏಳನೆಯದು, ಒಂಬತ್ತನೆಯದು, ಹನ್ನೊಂದನೆಯದು ಸಿಗುತ್ತವೆ. ಆದ್ದರಿಂದ ವಿಸ್ತರಿಸಿದ ಕಾರ್ಡು ಪ್ರಕೃತಿಯೇ ಕೊಟ್ಟದ್ದು ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ನನಗೆ ಅದರಲ್ಲಿ ಅರ್ಧ ನಂಬಿಕೆ. ಸಿ ಮೂಲ ಎಂದಿಟ್ಟುಕೊಂಡರೆ ಒಂಬತ್ತನೆಯ ಅನುಸ್ವರ ಪಿಯಾನೋದ ಡಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಏಳನೆಯದು ಬಿ ಫ್ಲಾಟಿಗಿಂತ ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ತಗ್ಗು. ಹನ್ನೊಂದನೆಯದು ಎಫ್‌ಗೂ ಎಫ್ ಶಾರ್ಪ್‌ಗೂ ಸರಿಯಾಗಿ ನಡುವೆ ನಿಂತಿದೆ, ಬಿಳಿ ಮನೆಯಲ್ಲೂ ಇಲ್ಲ, ಕಪ್ಪು ಮನೆಯಲ್ಲೂ ಇಲ್ಲ. ತಂಟೆಕೋರ ಎಂದು ಆಗಲೇ ಹೇಳಿದೆನಲ್ಲ, ಅದು ಹುಟ್ಟುಗುಣ.

"ಇರು, ಬಂದೆ" ಎಂದು ಮೇಷ್ಟ್ರು ಒಳಗೆ ಹೋದರು. ನೀರು ಕಾದಿರಬೇಕು ಎಂದುಕೊಂಡೆ. ಅವರು ವೀಣೆ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಚಾಪೆ ಹಾಸಿ ಕೂತರು. ನಾನು ಹೇಳಿದ ಮೂರು, ಏಳರ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು ಎಂದು ಕಾಣುತ್ತದೆ. ನಾಲ್ಕನೆಯ ಮೆಟ್ಟಿನ ಮೇಲೆ ತೋರುಬೆರಳನ್ನು ಅಡ್ಡಡ್ಡ ಚಾಚಿ ಸಾರಣಿ, ಪಂಚಮ ಎರಡೂ ತಂತಿಯನ್ನು ಒಟ್ಟಿಗೆ ಅದುಮಿದರು. ವೀಣೆಯಲ್ಲಿ ಹೀಗೆ ಯಾರೂ ಪಾಠ ಹೇಳಿಕೊಡುವುದಿಲ್ಲ. ಸಾರಣಿಯಲ್ಲಿ ಅದು ಅಂತರ ಗಾಂಧಾರ. ಪಕ್ಕದ ಪಂಚಮದ ತಂತಿಯಲ್ಲಿ ಅದೇ ಮೆಟ್ಟು ಕಾಕಲಿ ನಿಷಾದ. ಅದರಾಚೆಯ ಮಂದ್ರ ಷಡ್ಜದ ತಂತಿಯನ್ನು ಬಿಟ್ಟಂತೆಯೇ ಬಿಟ್ಟು ಮೂರನ್ನೂ ಮೀಟಿದರು. ಸ, ನಿ, ಗ. ಒಂದು, ಏಳು, ಹತ್ತು. ನ್ಯೂಯಾರ್ಕಿನ ಪಿಯಾನೋದವರು ಹುಡುಕಿ ಕಂಡುಕೊಂಡ ಹಿಡಿತ ಇದು. ನಮ್ಮ ವೀಣೆಯ ಮೇಲೆ ಒಂದೇ ಮೆಟ್ಟಿನಲ್ಲಿ ಸಿದ್ಧವಾಗಿ ಕೂತಿತ್ತು.

"ಇದಕ್ಕೇನಂತೀಯ?"

"ಮೇಜರ್ ಸೆವೆಂತ್ ಮೇಷ್ಟ್ರೇ."

"ಒಂಬತ್ತು, ಹನ್ನೊಂದು, ಹದಿಮೂರು ಎಲ್ಲಿ ಹಾಕಲಿ? ಬೆರಳು ಸಾಲದು."

"ಅದು ನನಗಿರಲಿ. ಇನ್ನೊಂದ್ಸಲ ಮೀಟಿ."

ಅವರ ವೀಣೆಯ ಶ್ರುತಿ ಡಿ. ಹಾಗಾದರೆ ರಿಷಭ ಇ, ಪ್ರತಿ ಮಧ್ಯಮ ಜಿ ಶಾರ್ಪ್, ಧೈವತ ಬಿ. ಮೂರನ್ನೂ ಒಟ್ಟಿಗೆ ಹಿಡಿದರೆ ಪಿಯಾನೋ ಕಲಿಯುವ ಮಗು ಮೊದಲ ವರ್ಷದಲ್ಲೇ ಕಲಿಯುವ ಸಾದಾ ಇ ಮೇಜರ್. ಇದು ನುರಿತ ಜಾಝ್ ಪಿಯಾನೋದವರು ಬಳಸುವ ಉಪಾಯ. ಎಡಗೈಯಲ್ಲಿ ಮೂರು, ಏಳು ಇಟ್ಟುಕೊಂಡು, ಬಲಗೈಯಲ್ಲಿ ಬೇರೊಂದು ಊರಿನ ಸರಳ ಕಾರ್ಡೊಂದನ್ನು ಮೇಲಿಟ್ಟರೆ ಒಂಬತ್ತು, ಹನ್ನೊಂದು, ಹದಿಮೂರು ಮೂರೂ ಒಂದೇ ಸಲ ಬಂದು ಸೇರುತ್ತವೆ. ಒಂದೊಂದನ್ನೂ ಎಣಿಸಿ ಹುಡುಕುವ ಕೆಲಸವೇ ಇಲ್ಲ.

ಅವರು ಮೀಟಿದರು, ನಾನು ಕಿಟಕಿಯ ಈಚೆಯಿಂದ ಒತ್ತಿದೆ. ಕಲ್ಯಾಣಿಯ ಆರು ಸ್ವರ ಕಾಂಪೌಂಡಿನ ಮೇಲೆ ಕೂಡಿದವು. ಮೇಷ್ಟ್ರು ತಲೆ ಓರೆ ಮಾಡಿ ಕೇಳಿದರು. ಮತ್ತೆ ಮೀಟಿದರು. ಆಮೇಲೆ ಅನುಮಾನದ ಮುಖ ಮಾಡಿ, "ಪಂಚಮ ಬಂದಿಲ್ಲ" ಎಂದರು.

"ಬೇಡ ಮೇಷ್ಟ್ರೇ, ಅದನ್ನೇ ತಾನೇ ಬಿಡಬೇಕು ಅಂದಿದ್ದು."

"ನಮ್ಮನೇಲಿ ಹಾಗೆ ಬಿಡೋ ಪದ್ಧತಿ ಇಲ್ಲ" ಎಂದವರೇ ಮೂರನೆಯ ಸಲ ಮೀಟುವಾಗ ಕಿರುಬೆರಳಿನಲ್ಲಿ ತಾಳದ ತಂತಿಗಳನ್ನೂ ಎಳೆದುಬಿಟ್ಟರು. ಸ ಪ ಸ ಎಂದು ಅವು ಮೇಲೆ ಝಣ್ಣೆಂದವು. ಕೇಳಲು ಚೆನ್ನಾಗಿಯೇ ಇತ್ತು, ಇಲ್ಲ ಎನ್ನುವುದಿಲ್ಲ. ಆದರೂ ಐದನೆಯದು ಅಲ್ಲಿ ಬೇಕಿರಲಿಲ್ಲ ಎಂದೇ ನಾನು ಹೇಳುವುದು.